ಪಾಠ ಉಳಿಯಲಿ, ಸೆಳೆತ ನಿಲ್ಲಲಿ: ಮನೆಯ ಮೊಬೈಲ್, ಕಂಪ್ಯೂಟರ್‌ಗಳಲ್ಲಿ ಯೂಟ್ಯೂಬ್‌ಗೆ ತಡೆ ಹಾಕುವ ಕ್ರಮ

ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಗಳ ರಕ್ಷಕ-ಶಿಕ್ಷಕ ಸಂಘದ ಸಭೆಗಳಲ್ಲಿ ಹೆತ್ತವರು ಪದೇ ಪದೇ ಕೇಳುವ ಪ್ರಶ್ನೆಯೊಂದಿದೆ: ಮನೆಯ ಮೊಬೈಲಿನಲ್ಲಿ ಯೂಟ್ಯೂಬನ್ನು ನಿಲ್ಲಿಸುವುದು ಹೇಗೆ? ತಾಂತ್ರಿಕವಾಗಿ ಇದು ಕಷ್ಟದ ಕೆಲಸವೇನಲ್ಲ. ಆದರೆ ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆಗೆ ಇನ್ನೊಂದು ಮುಖವೂ ಇದೆ. ಮಗುವಿನ ಸಮಯವನ್ನು ಕಸಿಯುವ ಜಾಲತಾಣವೂ ಕನ್ನಡದಲ್ಲಿ ಪಾಠ ಹೇಳುವ ತಾಣವೂ ಇಲ್ಲಿ ಒಂದೇ ಆಗಿದೆ. ಆದ್ದರಿಂದ ಬೀಗ ಹಾಕುವ ಮೊದಲು ಯಾವ ಬಾಗಿಲಿಗೆ, ಯಾವ ಬೀಗ ಎಂಬುದನ್ನು ನಿರ್ಧರಿಸಿಕೊಳ್ಳಬೇಕಾಗುತ್ತದೆ. ಅದಕ್ಕೆ ನೆರವಾಗುವ ಮಾಹಿತಿಯನ್ನು ಇಲ್ಲಿ ಕ್ರಮವಾಗಿ ನೀಡಲಾಗಿದೆ.

ಒಂದೇ ಬಾಗಿಲಿನಿಂದ ಬಂದ ಎರಡು ಸಂಗತಿಗಳು

ಕೋವಿಡ್ ಕಾಲದಲ್ಲಿ ಶಾಲೆಗಳು ಮುಚ್ಚಿದ್ದಾಗ, 2020ರ ಜೂನ್ 1ರಂದು ಕೇರಳದಲ್ಲಿ ಕೈಟ್ ಸಂಸ್ಥೆಯ ವಿಕ್ಟರ್ಸ್ ವಾಹಿನಿಯ ಮೂಲಕ 'ಫಸ್ಟ್ ಬೆಲ್' ತರಗತಿಗಳು ಆರಂಭವಾದವು. ಮಲಯಾಳ ಮಾಧ್ಯಮದ ಮಕ್ಕಳಿಗೆ ಪಾಠಗಳು ದೂರದರ್ಶನದಲ್ಲಿ ವೇಳಾಪಟ್ಟಿಯಂತೆ ಬರುತ್ತಿದ್ದವು. ಕನ್ನಡ ಮಾಧ್ಯಮದ ಪಾಠಗಳು ಮುಖ್ಯವಾಗಿ ಯೂಟ್ಯೂಬ್ ಮೂಲಕ ದೊರೆತವು. ಮೊಬೈಲ್ ಇಲ್ಲದ ಮನೆಗಳು ಸಾಲ ಮಾಡಿ ಮೊಬೈಲ್ ಕೊಂಡವು. ಸಿಗ್ನಲ್ ಇಲ್ಲದ ಕಡೆಗಳಲ್ಲಿ ಮಕ್ಕಳು ಗುಡ್ಡ ಹತ್ತಿ ಕುಳಿತು ಪಾಠ ಕೇಳಿದರು.

ಅದೇ ಜೂನ್ 29ರಂದು ಕೇಂದ್ರ ಸರಕಾರವು ಟಿಕ್‌ಟಾಕ್ ಸೇರಿದಂತೆ 59 ಆ್ಯಪ್‌ಗಳನ್ನು ನಿಷೇಧಿಸಿತು. ಆ ಜಾಗವನ್ನು ತುಂಬಲು ಯೂಟ್ಯೂಬ್ ಸಂಸ್ಥೆಯು ಸಪ್ಟೆಂಬರ್ ತಿಂಗಳಲ್ಲಿ 'ಶಾರ್ಟ್ಸ್' ಎಂಬ ಕಿರು ವೀಡಿಯೊಗಳ ವ್ಯವಸ್ಥೆಯನ್ನು ಜಗತ್ತಿನಲ್ಲೇ ಮೊದಲಾಗಿ ಭಾರತದಲ್ಲಿ ಆರಂಭಿಸಿತು. ಹೀಗೆ ಪಾಠವೂ ಸೆಳೆತವೂ ಮೂರೇ ತಿಂಗಳ ಅಂತರದಲ್ಲಿ ಒಂದೇ ಬಾಗಿಲಿನಿಂದ ನಮ್ಮ ಮನೆಗಳನ್ನು ಪ್ರವೇಶಿಸಿದವು. ಶಾಲೆಗಳು ಮತ್ತೆ ತೆರೆದವು. ಆ ಬಾಗಿಲು ಮಾತ್ರ ತೆರೆದೇ ಉಳಿಯಿತು.

ಇದರಲ್ಲಿ ಭಾಷೆಯ ಪ್ರಶ್ನೆಯೂ ಅಡಗಿದೆ. ಮಂಜೇಶ್ವರ ಮತ್ತು ಕಾಸರಗೋಡು ತಾಲೂಕುಗಳ ಕನ್ನಡ ಶಾಲೆಗಳಿಗೆ ಬರುವ ಮಕ್ಕಳ ಮನೆಮಾತು ತುಳು, ಕೊಂಕಣಿ, ಮರಾಠಿ, ಬ್ಯಾರಿ, ಮಲಯಾಳ ಅಥವಾ ಹವ್ಯಕ ಕನ್ನಡ. ಇವರಲ್ಲಿ ಬಹುತೇಕ ಮಕ್ಕಳು ಬರೆಹದ ಕನ್ನಡವನ್ನು ಪಡೆಯುವುದು ಶಾಲೆಯಿಂದ ಮತ್ತು ಸಂಜೆಯ ಓದಿನಿಂದ. ಯೂಟ್ಯೂಬ್ ಮುಂದೆ ತಂದಿಡುವ ವೀಡಿಯೊಗಳ ಆಯ್ಕೆಗೆ ಮಗುವಿನ ಶಾಲೆಯ ಭಾಷೆ ಆಧಾರವಲ್ಲ. ನೋಡುಗರನ್ನು ಹೆಚ್ಚು ಹೊತ್ತು ಹಿಡಿದಿಡುವುದು ಯಾವುದು ಎಂಬುದೇ ಆಧಾರ. ಸಂಜೆಯ ಒಂದು ಗಂಟೆ ಹೋದರೆ ಇತರ ಮಕ್ಕಳಿಗೆ ಹೋಗುವುದು ಸಮಯ ಮಾತ್ರ. ಗಡಿನಾಡಿನ ಮಗುವಿಗೆ ಅದರೊಂದಿಗೆ ಕನ್ನಡದ ಓದೂ ಹೋಗುತ್ತದೆ.

ಬೀಗ ಹಾಕಬಹುದಾದ ಮೂರು ಸ್ಥಳಗಳು

ಯೂಟ್ಯೂಬನ್ನು ತಡೆಯುವ ಎಲ್ಲ ವಿಧಾನಗಳೂ ಮೂರು ಬಗೆಗಳಲ್ಲಿ ಅಡಕವಾಗುತ್ತವೆ.

ಮೊದಲನೆಯದು ಸಾಧನ. ಒಂದು ಮೊಬೈಲ್ ಅಥವಾ ಒಂದು ಕಂಪ್ಯೂಟರಿಗೆ ಮಾತ್ರ ಅನ್ವಯಿಸುವ ತಡೆ.

ಎರಡನೆಯದು ಜಾಲ. ವೈಫೈ ರೂಟರಿನಲ್ಲಿ, ಅಥವಾ ಜಾಲತಾಣಗಳ ಹೆಸರನ್ನು ವಿಳಾಸವಾಗಿ ಪರಿವರ್ತಿಸುವ ಡಿಎನ್‌ಎಸ್ ಸೇವೆಯಲ್ಲಿ ಹಾಕುವ ತಡೆ.

ಮೂರನೆಯದು ಖಾತೆ. ಮಗುವಿನ ಗೂಗಲ್ ಖಾತೆಯಲ್ಲಿ ಹಾಕುವ ತಡೆ.

ಇವುಗಳ ನಡುವಿನ ಮುಖ್ಯ ವ್ಯತ್ಯಾಸವನ್ನು ಹೆತ್ತವರು ತಿಳಿದಿರಬೇಕು. ಜಾಲದಲ್ಲಿ ಹಾಕುವ ಬೀಗಕ್ಕೆ ತಾಣದ ಹೆಸರು ಮಾತ್ರ ಕಾಣುತ್ತದೆ. ಒಳಗೆ ಯಾವ ವೀಡಿಯೊ ಓಡುತ್ತಿದೆ ಎಂಬುದು ಗೂಢಲಿಪಿಯಲ್ಲಿ ಸಾಗುವುದರಿಂದ ಅದಕ್ಕೆ ತಿಳಿಯದು. ಗಣಿತದ ಪಾಠವನ್ನು ಬಿಟ್ಟು ಶಾರ್ಟ್ಸನ್ನು ಮಾತ್ರ ನಿಲ್ಲಿಸುವುದು ಅಂತಹ ಬೀಗಕ್ಕೆ ಅಸಾಧ್ಯ. ಅದು ಮುಚ್ಚಿದರೆ ಇಡೀ ತಾಣವನ್ನು ಮುಚ್ಚುತ್ತದೆ. ಆರಿಸಿ ಬಿಡುವ ಕೆಲಸ ಆಗಬೇಕಾದರೆ ಅದು ಖಾತೆಯಲ್ಲಿ, ಇಲ್ಲವೇ ಬ್ರೌಸರಿನ ಒಳಗೆ ಆಗಬೇಕು.

ಬೀಗಕ್ಕೆ ಮೊದಲು ಪಾಠಕ್ಕೆ ಬೇರೆ ದಾರಿ

ಪಾಠವನ್ನು ಮೊದಲು ಹೊರಗೆ ತಂದು, ಆಮೇಲೆ ಬಾಗಿಲು ಮುಚ್ಚುವುದೇ ಸರಿಯಾದ ಕ್ರಮ. ಕೇರಳ ಪಠ್ಯಕ್ರಮದ ಕನ್ನಡ ಮಾಧ್ಯಮ ಪಠ್ಯಪುಸ್ತಕಗಳು ಎಸ್‌ಸಿಇಆರ್‌ಟಿಯ ಜಾಲತಾಣದಲ್ಲಿ ಪಿಡಿಎಫ್ ರೂಪದಲ್ಲಿ ಉಚಿತವಾಗಿ ದೊರೆಯುತ್ತವೆ. ಕೈಟ್ ಸಂಸ್ಥೆಯ 'ಸಮಗ್ರ' ತಾಣದಲ್ಲಿ ಪೂರಕ ಸಾಮಗ್ರಿಗಳಿವೆ. 2017ರಲ್ಲಿ ಆರಂಭವಾದ ಕೇಂದ್ರ ಸರಕಾರದ 'ದೀಕ್ಷಾ' ಆ್ಯಪ್‌ನಲ್ಲಿ ಕರ್ನಾಟಕದ ಕನ್ನಡ ಪಾಠಗಳಿದ್ದು, ಅವನ್ನು ಇಳಿಸಿಕೊಂಡು ಇಂಟರ್ನೆಟ್ ಇಲ್ಲದಾಗಲೂ ನೋಡಬಹುದು. ಅದು ಕರ್ನಾಟಕದ ಪಠ್ಯಕ್ರಮವಾದ್ದರಿಂದ ನಮ್ಮ ಪಾಠದೊಂದಿಗೆ ಹೋಲಿಸಿಯೇ ಬಳಸಬೇಕು.

ತರಗತಿಯ ವಾಟ್ಸ್ಆ್ಯಪ್ ಗುಂಪಿಗೆ ಯೂಟ್ಯೂಬ್ ಕೊಂಡಿ ಬರುತ್ತಿದ್ದರೆ, ಅದರ ಬದಲು ಪಾಠದ ಟಿಪ್ಪಣಿಯನ್ನೋ ಅಧ್ಯಾಪಕರು ತಾವೇ ಮಾಡಿದ ವೀಡಿಯೊದ ಕಡತವನ್ನೋ ಕಳುಹಿಸುವಂತೆ ರಕ್ಷಕ-ಶಿಕ್ಷಕ ಸಂಘದ ಮೂಲಕ ವಿನಂತಿಸಬಹುದು. ಮನೆಯಲ್ಲಿ ಮುಚ್ಚಿದ ಬಾಗಿಲನ್ನು ಶಾಲೆಯೇ ದಿನಾ ತಟ್ಟುವಂತಾಗಬಾರದು.

ಕಂಪ್ಯೂಟರ್ ಮತ್ತು ಲ್ಯಾಪ್‌ಟಾಪ್

ಅತ್ಯಂತ ಸರಳ ವಿಧಾನವೆಂದರೆ ಬ್ರೌಸರಿಗೆ ವಿಸ್ತರಣೆ ಸೇರಿಸುವುದು. 'ಲೀಚ್‌ಬ್ಲಾಕ್' ಎಂಬ ಉಚಿತ ವಿಸ್ತರಣೆ ಫೈರ್‌ಫಾಕ್ಸ್, ಕ್ರೋಮ್ ಎರಡಕ್ಕೂ ಇದೆ. ಯಾವ ತಾಣ, ವಾರದ ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಎಂದು ಅದರಲ್ಲಿ ನಮೂದಿಸಬಹುದು. 'ಅನ್‌ಹುಕ್' ಎಂಬ ಇನ್ನೊಂದು ವಿಸ್ತರಣೆ ತಾಣವನ್ನು ಮುಚ್ಚುವುದಿಲ್ಲ. ಪಕ್ಕದಲ್ಲಿ ಬರುವ ಸಲಹೆಗಳನ್ನೂ ಶಾರ್ಟ್ಸನ್ನೂ ಮರೆಮಾಡಿ, ಹುಡುಕಿದ ವೀಡಿಯೊವನ್ನು ಮಾತ್ರ ಉಳಿಸುತ್ತದೆ. ಪ್ರೌಢಶಾಲೆಯ ಮಕ್ಕಳಿಗೆ ಇದು ಹೆಚ್ಚು ಸೂಕ್ತ. ಆದರೆ ಕ್ರೋಮಿನ ಇನ್‌ಕಾಗ್ನಿಟೊ ಕಿಟಕಿಯಲ್ಲಿ ವಿಸ್ತರಣೆಗಳು ತಾವಾಗಿ ಕೆಲಸ ಮಾಡುವುದಿಲ್ಲ. ಬೇರೊಂದು ಬ್ರೌಸರ್ ತೆರೆದರೂ ತಡೆ ಇರುವುದಿಲ್ಲ.

ಇದಕ್ಕಿಂತ ಗಟ್ಟಿಯಾದ ವಿಧಾನ 'ಹೋಸ್ಟ್ಸ್' ಎಂಬ ಕಡತವನ್ನು ತಿದ್ದುವುದು. ವಿಂಡೋಸ್‌ನಲ್ಲಿ ಇದು ಸಿ ಡ್ರೈವಿನ ವಿಂಡೋಸ್, ಸಿಸ್ಟಮ್32, ಡ್ರೈವರ್ಸ್, ಇಟಿಸಿ ಎಂಬ ಫೋಲ್ಡರುಗಳ ಸಾಲಿನ ಕೊನೆಯಲ್ಲಿರುತ್ತದೆ. ಲಿನಕ್ಸ್‌ನಲ್ಲಿ ಇಟಿಸಿ ಫೋಲ್ಡರಿನಲ್ಲಿರುತ್ತದೆ. ನೋಟ್‌ಪ್ಯಾಡನ್ನು ನಿರ್ವಾಹಕರ ಅಧಿಕಾರದಲ್ಲಿ ತೆರೆದು, ಕಡತದ ಕೊನೆಯಲ್ಲಿ 0.0.0.0 ಎಂದು ಬರೆದು, ಒಂದು ಜಾಗ ಬಿಟ್ಟು, ತಾಣದ ವಿಳಾಸವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬೇಕು. ಈ ಕಡತವು ಬರೆದ ಹೆಸರನ್ನು ಮಾತ್ರ ತಡೆಯುತ್ತದೆ. ಆದ್ದರಿಂದ ಯೂಟ್ಯೂಬ್ ಡಾಟ್ ಕಾಮ್, ಮುಂದೆ ಮೂರು ಡಬ್ಲ್ಯೂ ಇರುವ ಅದೇ ವಿಳಾಸ, ಮುಂದೆ 'ಎಮ್ ಡಾಟ್' ಇರುವ ಮೊಬೈಲ್ ವಿಳಾಸ, ಕಿರು ಕೊಂಡಿಗಳಿಗೆ ಬಳಸುವ ಯೂಟ್ಯು ಡಾಟ್ ಬಿಇ, ಇವೆಲ್ಲವನ್ನೂ ಬೇರೆ ಬೇರೆ ಸಾಲುಗಳಲ್ಲಿ ಸೇರಿಸಬೇಕು. ಮಗುವಿಗೆ ನಿರ್ವಾಹಕರ ಅಧಿಕಾರವಿಲ್ಲದ ಪ್ರತ್ಯೇಕ ಖಾತೆಯನ್ನು ಮಾಡಿಕೊಡದಿದ್ದರೆ ಈ ಶ್ರಮ ವ್ಯರ್ಥ. ಶಾಲೆಯಿಂದ ಬಂದ ಲ್ಯಾಪ್‌ಟಾಪ್ ಆಗಿದ್ದರೆ ಶಾಲೆಯನ್ನು ಕೇಳದೆ ಯಾವ ಕಡತವನ್ನೂ ತಿದ್ದಬಾರದು.

ಹೆತ್ತವರ ಮೊಬೈಲನ್ನೇ ಮಗು ಬಳಸುವಾಗ

ನಮ್ಮ ಮನೆಗಳಲ್ಲಿ ಮಗುವಿಗೆಂದೇ ಬೇರೆ ಮೊಬೈಲ್ ಇರುವುದು ಕಡಿಮೆ. ಅಮ್ಮನ ಮೊಬೈಲೇ ಸಂಜೆ ಮಗುವಿನ ಕೈಗೆ ಹೋಗುತ್ತದೆ. ಅಂತಹ ಮನೆಗಳಿಗೆ ಮೂರು ಉಪಾಯಗಳಿವೆ.

ಒಂದು, ಆ್ಯಂಡ್ರಾಯ್ಡ್ ಮೊಬೈಲಿನ ಭದ್ರತೆಯ ಸೆಟ್ಟಿಂಗ್ಸ್‌ನಲ್ಲಿ ದೊರೆಯುವ 'ಆ್ಯಪ್ ಪಿನ್ನಿಂಗ್'. ಪಠ್ಯಪುಸ್ತಕವನ್ನು ತೆರೆದು ಪಿನ್ ಮಾಡಿ ಕೊಟ್ಟರೆ, ಪರದೆಯ ಗುಪ್ತಸಂಖ್ಯೆ ಒತ್ತದೆ ಮಗು ಅದರಿಂದ ಹೊರಬರಲಾಗದು. ಗುಪ್ತಸಂಖ್ಯೆ ಕೇಳುವ ಆಯ್ಕೆಯನ್ನು ಪ್ರತ್ಯೇಕವಾಗಿ ಚಾಲೂ ಮಾಡಿರಬೇಕು.

ಎರಡು, ಯೂಟ್ಯೂಬ್ ಆ್ಯಪನ್ನು 'ಡಿಸೇಬಲ್' ಮಾಡುವುದು. ಹೆಚ್ಚಿನ ಆ್ಯಂಡ್ರಾಯ್ಡ್ ಮೊಬೈಲುಗಳಲ್ಲಿ ಈ ಆ್ಯಪ್ ಮೊದಲೇ ಅಡಕವಾಗಿರುವುದರಿಂದ ಅದನ್ನು ಪೂರ್ತಿಯಾಗಿ ಅಳಿಸಲಾಗದು. ಸೆಟ್ಟಿಂಗ್ಸ್‌ನ ಆ್ಯಪ್‌ಗಳ ಪಟ್ಟಿಗೆ ಹೋಗಿ ನಿಷ್ಕ್ರಿಯಗೊಳಿಸಬಹುದು. ಚಿಕ್ಕ ಮಕ್ಕಳಿಗೆ ಇಷ್ಟು ಸಾಕಾದೀತು. ಬ್ರೌಸರಿನಲ್ಲಿ ತಾಣವನ್ನು ತೆರೆಯುವ ದಾರಿ ಆಗಲೂ ಉಳಿದಿರುತ್ತದೆ.

ಮೂರು, 'ಪ್ರೈವೇಟ್ ಡಿಎನ್‌ಎಸ್'. ಆ್ಯಂಡ್ರಾಯ್ಡ್ 9 ಮತ್ತು ಅನಂತರದ ಮೊಬೈಲುಗಳಲ್ಲಿ ಜಾಲದ ಸೆಟ್ಟಿಂಗ್ಸ್‌ನೊಳಗೆ ಇದು ಸಿಗುತ್ತದೆ. 'ನೆಕ್ಸ್ಟ್‌ಡಿಎನ್‌ಎಸ್' ಎಂಬ ಸೇವೆಯಲ್ಲಿ ಖಾತೆ ತೆರೆದು, ಅದರ ಪೋಷಕ ನಿಯಂತ್ರಣದ ಪುಟದಲ್ಲಿ ಯೂಟ್ಯೂಬನ್ನು ಆರಿಸಿ, ಅದು ಕೊಡುವ ವಿಳಾಸವನ್ನು ಮೊಬೈಲಿನಲ್ಲಿ ನಮೂದಿಸಬೇಕು. ತಿಂಗಳಿಗೆ 3 ಲಕ್ಷ ಕೋರಿಕೆಗಳವರೆಗೆ ಈ ಸೇವೆ ಉಚಿತ. ದಿನದ ನಿರ್ದಿಷ್ಟ ಹೊತ್ತು ಮಾತ್ರ ತೆರೆದಿಡುವ ಸೌಲಭ್ಯವೂ ಇದೆ. ಇದರ ದೊಡ್ಡ ಗುಣವೆಂದರೆ ವೈಫೈ ಇದ್ದರೂ ಮೊಬೈಲ್ ಡೇಟಾ ಇದ್ದರೂ ಇದು ಕೆಲಸ ಮಾಡುತ್ತದೆ. ಆ್ಯಪ್, ಬ್ರೌಸರ್ ಎರಡಕ್ಕೂ ಅನ್ವಯಿಸುತ್ತದೆ. ಸೆಟ್ಟಿಂಗ್ಸ್ ತಿಳಿದ ಮಗು ಇದನ್ನು ಆಫ್ ಮಾಡಬಲ್ಲದು ಎಂಬುದೇ ಇದರ ದೋಷ.

ಮಗುವಿಗೆ ಪ್ರತ್ಯೇಕ ಮೊಬೈಲ್ ಇದ್ದರೆ

ಆ್ಯಂಡ್ರಾಯ್ಡ್ ಮೊಬೈಲಿಗೆ ಗೂಗಲ್ ಸಂಸ್ಥೆಯ 'ಫ್ಯಾಮಿಲಿ ಲಿಂಕ್' ಅತ್ಯಂತ ಉಪಯುಕ್ತ. ಮಗುವಿನ ಹೆಸರಿನಲ್ಲಿ ಖಾತೆ ತೆರೆದು ತಂದೆ ಅಥವಾ ತಾಯಿಯ ಖಾತೆಗೆ ಜೋಡಿಸಿದರೆ, ಯೂಟ್ಯೂಬ್ ಆ್ಯಪನ್ನು ತಡೆಯುವುದು, ಕ್ರೋಮಿನಲ್ಲಿ ನಿರ್ದಿಷ್ಟ ತಾಣಗಳನ್ನು ಮುಚ್ಚುವುದು, ಒಪ್ಪಿಗೆ ಕೊಟ್ಟ ತಾಣಗಳನ್ನು ಮಾತ್ರ ತೆರೆಯುವಂತೆ ಮಾಡುವುದು, ರಾತ್ರಿ ಮೊಬೈಲನ್ನೇ ಲಾಕ್ ಮಾಡುವುದು, ಇವೆಲ್ಲ ಸಾಧ್ಯ. ಹೆತ್ತವರಲ್ಲೊಬ್ಬರು ಗಲ್ಫ್ ನಾಡಿನಲ್ಲಿದ್ದರೂ ಅಲ್ಲಿಂದಲೇ ಇದನ್ನು ನಿರ್ವಹಿಸಬಹುದು. ತಾಣಗಳ ಮೇಲಿನ ತಡೆ ಕ್ರೋಮಿಗೆ ಮಾತ್ರ ಅನ್ವಯಿಸುವುದರಿಂದ ಇತರ ಬ್ರೌಸರುಗಳನ್ನೂ ಫ್ಯಾಮಿಲಿ ಲಿಂಕ್‌ನಲ್ಲಿ ತಡೆಯಬೇಕು.

ಐಫೋನಿನಲ್ಲಿ 2018ರಿಂದ 'ಸ್ಕ್ರೀನ್ ಟೈಮ್' ಎಂಬ ವ್ಯವಸ್ಥೆಯಿದೆ. ಅದರ ನಿರ್ಬಂಧಗಳ ವಿಭಾಗದಲ್ಲಿ ವೆಬ್ ವಿಷಯಗಳ ಪುಟಕ್ಕೆ ಹೋಗಿ, ಎಂದಿಗೂ ಅನುಮತಿಸಬಾರದ ತಾಣಗಳ ಪಟ್ಟಿಗೆ ಯೂಟ್ಯೂಬನ್ನು ಸೇರಿಸಬೇಕು. ಆ್ಯಪನ್ನು ಅಳಿಸಿ, ಹೊಸ ಆ್ಯಪ್ ಹಾಕುವುದನ್ನು ನಿರ್ಬಂಧಿಸಬೇಕು. ಇದರ ಗುಪ್ತಸಂಖ್ಯೆ ಮೊಬೈಲ್ ತೆರೆಯುವ ಸಂಖ್ಯೆಗಿಂತ ಬೇರೆಯಾಗಿರಬೇಕು.

ಮನೆಯ ವೈಫೈ ಮತ್ತು ಟಿವಿ

ಬಿಎಸ್‌ಎನ್‌ಎಲ್ ಫೈಬರ್, 2023ರ ಜೂನ್ 5ರಂದು ಉದ್ಘಾಟನೆಗೊಂಡ ಕೆ-ಫೋನ್ ಮತ್ತು ಊರಿನ ಕೇಬಲ್ ಸಂಪರ್ಕಗಳಿಂದಾಗಿ ಮನೆಗಳಲ್ಲಿ ವೈಫೈ ಸಾಮಾನ್ಯವಾಗುತ್ತಿದೆ. ರೂಟರಿನ ನಿಯಂತ್ರಣ ಪುಟವು ಸಾಮಾನ್ಯವಾಗಿ 192.168.1.1 ಅಥವಾ 192.168.0.1 ಎಂಬ ವಿಳಾಸದಲ್ಲಿ ತೆರೆದುಕೊಳ್ಳುತ್ತದೆ. ಪಾಸ್‌ವರ್ಡ್ ಪೆಟ್ಟಿಗೆಯ ಅಡಿಭಾಗದಲ್ಲಿ ಅಚ್ಚಾಗಿರುತ್ತದೆ, ಇಲ್ಲವೇ ಸಂಪರ್ಕ ಕೊಟ್ಟವರ ಬಳಿ ಇರುತ್ತದೆ. ಅವರಿಂದ ಕೇಳಿ ಪಡೆಯಬಹುದು. ಅಚ್ಚಾದ ಪಾಸ್‌ವರ್ಡನ್ನು ಮೊದಲು ಬದಲಾಯಿಸಬೇಕು. ಅದು ಮಗುವಿಗೂ ಕಾಣುತ್ತದೆ.

ಹಲವು ರೂಟರುಗಳಲ್ಲಿ ಪೋಷಕ ನಿಯಂತ್ರಣದ ಪುಟವಿದ್ದು, ಆಯ್ದ ಸಾಧನಗಳಿಗೆ ಮಾತ್ರ ತಡೆಯನ್ನು ಅನ್ವಯಿಸಬಹುದು. ಈ ಆಯ್ಕೆಯನ್ನು ಕಡೆಗಣಿಸಬಾರದು. ಇಡೀ ಮನೆಗೆ ಬೀಗ ಹಾಕಿದರೆ ಅಜ್ಜ ನೋಡುವ ಯಕ್ಷಗಾನ, ತಾಳಮದ್ದಳೆಗಳೂ ನಿಂತುಹೋಗುತ್ತವೆ. ಮರುದಿನವೇ ಬೀಗ ತೆಗೆಯಬೇಕೆಂಬ ಒತ್ತಾಯ ಮನೆಯೊಳಗಿಂದಲೇ ಬರುತ್ತದೆ. ಹಳೆಯ ರೂಟರುಗಳಲ್ಲಿ ತಾಣದ ಹೆಸರನ್ನು ಬರೆದು ತಡೆಯುವ ವ್ಯವಸ್ಥೆಯು ಗೂಢಲಿಪಿ ಬಳಸುವ ಈಗಿನ ತಾಣಗಳ ಮೇಲೆ ಕೆಲಸ ಮಾಡದಿರಬಹುದು. ಆಗ ನಿರ್ದಿಷ್ಟ ಹೊತ್ತಿನಲ್ಲಿ ಮಗುವಿನ ಸಾಧನಕ್ಕೆ ಸಂಪರ್ಕವನ್ನೇ ಕಡಿಯುವುದು ಉತ್ತಮ.

ಟಿವಿಯನ್ನು ಹಲವರು ಮರೆಯುತ್ತಾರೆ. ಸ್ಮಾರ್ಟ್ ಟಿವಿಯ ಯೂಟ್ಯೂಬ್ ಆ್ಯಪನ್ನು ಅದರ ಸೆಟ್ಟಿಂಗ್ಸ್‌ನಲ್ಲಿ ನಿಷ್ಕ್ರಿಯಗೊಳಿಸಬೇಕು ಅಥವಾ ಗುಪ್ತಸಂಖ್ಯೆಯ ಲಾಕ್ ಹಾಕಬೇಕು. ಮೊಬೈಲಿಗೆ ಬೀಗ ಹಾಕಿ ಟಿವಿಯನ್ನು ಬಿಟ್ಟರೆ ಪರದೆ ದೊಡ್ಡದಾಯಿತು ಅಷ್ಟೆ.

ಪೂರ್ತಿ ಮುಚ್ಚದೆ ಸೆಳೆತವನ್ನು ಕುಗ್ಗಿಸುವುದು

ಪಾಠಕ್ಕಾಗಿ ಯೂಟ್ಯೂಬ್ ಬೇಕೇ ಬೇಕೆನ್ನುವ ಮನೆಗಳಿಗೆ ಮಧ್ಯಮ ಮಾರ್ಗವಿದೆ. ಖಾತೆಯಲ್ಲಿ ವೀಕ್ಷಣೆಯ ಇತಿಹಾಸವನ್ನು ಅಳಿಸಿ, ಮುಂದೆ ದಾಖಲಾಗದಂತೆ ಆಫ್ ಮಾಡಬೇಕು. 2023ರ ಆಗಸ್ಟ್‌ನಿಂದ ಜಾರಿಗೆ ಬಂದ ವ್ಯವಸ್ಥೆಯಂತೆ, ಇತಿಹಾಸವಿಲ್ಲದ ಖಾತೆಗೆ ಮುಖಪುಟದಲ್ಲಿ ಸಲಹೆಯ ವೀಡಿಯೊಗಳು ಬರುವುದಿಲ್ಲ. ಹುಡುಕುವ ಪೆಟ್ಟಿಗೆ ಉಳಿಯುತ್ತದೆ. ಒಂದು ಮುಗಿದೊಡನೆ ಇನ್ನೊಂದು ತಾನಾಗಿ ಓಡುವ 'ಆಟೊಪ್ಲೇ'ಯನ್ನೂ ಆಫ್ ಮಾಡಬೇಕು.

ಕಿರಿಯ ಪ್ರಾಥಮಿಕ ತರಗತಿಯ ಮಕ್ಕಳಿಗೆ 'ಯೂಟ್ಯೂಬ್ ಕಿಡ್ಸ್' ಆ್ಯಪಿನಲ್ಲಿ ಹೆತ್ತವರು ಒಪ್ಪಿದ ವೀಡಿಯೊ ಮತ್ತು ಚಾನೆಲುಗಳನ್ನು ಮಾತ್ರ ತೋರಿಸುವ ಆಯ್ಕೆಯಿದೆ. ಅದನ್ನು ಚಾಲೂ ಮಾಡಿದರೆ ಹುಡುಕುವ ಸೌಲಭ್ಯವೂ ಇಲ್ಲವಾಗುತ್ತದೆ. 'ರಿಸ್ಟ್ರಿಕ್ಟೆಡ್ ಮೋಡ್' ಎಂಬ ಆಯ್ಕೆಯನ್ನು ತಡೆಯೆಂದು ಹಲವರು ಭಾವಿಸಿದ್ದಾರೆ. ಅದು ವಯಸ್ಕರಿಗೆ ಮೀಸಲಾದ ವಿಷಯಗಳನ್ನು ಸೋಸುತ್ತದೆಯೇ ಹೊರತು ಸಮಯ ಹೋಗುವುದನ್ನು ತಡೆಯುವುದಿಲ್ಲ.

ಖಾತೆಯಿಂದ ಹೊರಬಂದು ನೋಡಿದರೆ ಖಾತೆಯ ನಿಯಮಗಳು ಅನ್ವಯವಾಗುವುದಿಲ್ಲ ಎಂಬುದೂ ನೆನಪಿರಲಿ. 2025ರ ಡಿಸೆಂಬರ್ 10ರಂದು ಆಸ್ಟ್ರೇಲಿಯದಲ್ಲಿ ಜಾರಿಗೆ ಬಂದ ಕಾನೂನು 16 ವರ್ಷದೊಳಗಿನವರು ಯೂಟ್ಯೂಬ್ ಖಾತೆ ಹೊಂದುವುದನ್ನು ನಿರ್ಬಂಧಿಸಿದರೂ, ಖಾತೆಯಿಲ್ಲದೆ ನೋಡುವುದನ್ನು ನಿಲ್ಲಿಸಿಲ್ಲ. ಒಂದು ದೇಶದ ಕಾನೂನು ಮುಚ್ಚದ ಆ ಕಿಂಡಿಯನ್ನು ಮನೆಯವರೇ ನೋಡಿಕೊಳ್ಳಬೇಕಾಗುತ್ತದೆ.

ಬೀಗ ಹಾಕಿದ ಮೇಲೆ ಪರೀಕ್ಷಿಸಬೇಕಾದವು

ತಡೆ ಹಾಕಿದ ದಿನವೇ ಹೆತ್ತವರು ಈ ಕಿಂಡಿಗಳನ್ನು ಸ್ವತಃ ಪರೀಕ್ಷಿಸಬೇಕು:

1. ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲಿ ತಾಣ ತೆರೆಯುತ್ತದೆಯೇ? ರೂಟರಿನ ತಡೆ ಡೇಟಾಕ್ಕೆ ಅನ್ವಯಿಸದು.
2. ಬೇರೆ ಬ್ರೌಸರಿನಲ್ಲಿ, ಇನ್‌ಕಾಗ್ನಿಟೊ ಕಿಟಕಿಯಲ್ಲಿ ತೆರೆಯುತ್ತದೆಯೇ?
3. ವಾಟ್ಸ್ಆ್ಯಪ್‌ಗೆ ಬಂದ ಯೂಟ್ಯೂಬ್ ಕೊಂಡಿ ಅಲ್ಲಿಯೇ ಓಡುತ್ತದೆಯೇ?
4. ಬ್ರೌಸರಿನ 'ಸೆಕ್ಯೂರ್ ಡಿಎನ್‌ಎಸ್' ಬೇರೊಂದು ಸೇವೆಗೆ ಜೋಡಿಸಿದೆಯೇ? ಹಾಗಿದ್ದರೆ ರೂಟರಿನ ಡಿಎನ್‌ಎಸ್ ತಡೆಯನ್ನು ಅದು ದಾಟಿಹೋಗುತ್ತದೆ.
5. ವಿಪಿಎನ್ ಆ್ಯಪ್ ಇದೆಯೇ? ಇದ್ದರೆ ಜಾಲದ ಬೀಗಗಳು ನಿಷ್ಪ್ರಯೋಜಕ.
6. ಟಿವಿ, ಹಳೆಯ ಮೊಬೈಲ್, ಮನೆಗೆ ಬರುವ ನೆಂಟರ ಮೊಬೈಲುಗಳ ಗತಿಯೇನು?

ಎಲ್ಲ ಕಿಂಡಿಗಳನ್ನೂ ಮುಚ್ಚಲು ಯಾವ ಮನೆಗೂ ಸಾಧ್ಯವಿಲ್ಲ. ಅದರ ಅಗತ್ಯವೂ ಇಲ್ಲ. ಅಭ್ಯಾಸದಿಂದ ತಾನಾಗಿ ಚಾಚುವ ಕೈಗೆ ಒಂದು ಅಡ್ಡಿ ಎದುರಾದರೆ, ಮಗು ಒಂದು ಕ್ಷಣ ನಿಂತು ಯೋಚಿಸುತ್ತದೆ. ಬೀಗದ ಕೆಲಸ ಅಷ್ಟೇ.

ಮಗುವಿಗೆ ತಿಳಿಸಿಯೇ ಬೀಗ

ಗುಟ್ಟಾಗಿ ಹಾಕಿದ ತಡೆಯನ್ನು ಮಕ್ಕಳು ಬೇಗ ಕಂಡುಹಿಡಿಯುತ್ತಾರೆ. ಆಮೇಲೆ ಅದು ಅವರಿಗೆ ಸವಾಲಾಗಿ ಪರಿಣಮಿಸುತ್ತದೆ. ಏಕೆ, ಎಷ್ಟು ಹೊತ್ತು, ಯಾವಾಗ ತೆರೆಯುತ್ತದೆ ಎಂಬುದನ್ನು ಮೊದಲೇ ಹೇಳಬೇಕು. ಐದನೆಯ ತರಗತಿಯವರೆಗೆ ಪೂರ್ತಿ ತಡೆ, ಎಂಟರಿಂದ ಹತ್ತನೆಯ ತರಗತಿಯವರಿಗೆ ಹೊತ್ತು ಗೊತ್ತುಪಡಿಸಿದ ತಡೆ, ನಡುವಿನ ತರಗತಿಗಳಲ್ಲಿ ಮಗುವಿನ ಸ್ವಭಾವ ನೋಡಿ ನಿರ್ಧಾರ ಎಂಬ ಕ್ರಮ ವ್ಯವಹಾರಕ್ಕೆ ಒದಗುತ್ತದೆ. ಊಟದ ಹೊತ್ತಿನಲ್ಲಿ ಹಿರಿಯರ ಮೊಬೈಲೂ ಬದಿಗಿರಬೇಕು. ಮುಚ್ಚಿದ ಗಂಟೆಗೆ ಕನ್ನಡದ ಒಂದು ಕಥೆಪುಸ್ತಕ, ಊರಿನ ವಾಚನಾಲಯ, ಅಂಗಳದ ಆಟ, ಇವುಗಳಲ್ಲಿ ಯಾವುದಾದರೊಂದು ಸಿದ್ಧವಿರಬೇಕು. ಬರಿದಾದ ಗಂಟೆ ಮತ್ತೆ ಪರದೆಯನ್ನೇ ಹುಡುಕುತ್ತದೆ.

ಮೊಬೈಲ್ ಸಿಗದಾಗ ಮಗು ನಿದ್ರೆ, ಊಟ ಬಿಡುವಷ್ಟು, ಹಿಂಸೆಗೆ ಇಳಿಯುವಷ್ಟು ಉದ್ರೇಕಗೊಂಡರೆ ಅದು ಬೀಗದಿಂದ ಬಗೆಹರಿಯುವ ವಿಷಯವಲ್ಲ. ಕೇಂದ್ರ ಸರಕಾರದ 'ಟೆಲಿ ಮಾನಸ್' 14416, ಕೇರಳದ 'ದಿಶಾ' 1056, ಮಕ್ಕಳ ಸಹಾಯವಾಣಿ 1098 ಈ ಸಂಖ್ಯೆಗಳಿಗೆ ಕರೆಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಂತ್ರಜ್ಞಾನದ ಅತಿಬಳಕೆಗೆಂದೇ 2014ರಿಂದ 'ಶಟ್' ಎಂಬ ಚಿಕಿತ್ಸಾಲಯ ನಡೆಯುತ್ತಿದೆ.

ಶಾಲೆಯಿಂದ ಕೇಳಬೇಕಾದುದು

ಕೈಟ್ ಸಂಸ್ಥೆಯ 'ಲಿಟ್ಲ್ ಕೈಟ್ಸ್' ಘಟಕಗಳು ಪ್ರೌಢಶಾಲೆಗಳಲ್ಲಿವೆ. 2022ರಲ್ಲಿ ಈ ವಿದ್ಯಾರ್ಥಿಗಳ ಮೂಲಕವೇ 'ಅಮ್ಮ ಅರಿಯಾನ್' ಎಂಬ ಸೈಬರ್ ಸುರಕ್ಷಾ ತರಬೇತಿಯನ್ನು ತಾಯಂದಿರಿಗೆ ನೀಡಲಾಗಿತ್ತು. ಅಂತಹ ತರಬೇತಿ ಪ್ರತಿವರ್ಷ ಜೂನ್ ತಿಂಗಳಲ್ಲಿ, ಕನ್ನಡದಲ್ಲಿ, ಕನ್ನಡದ ಕೈಪಿಡಿಯೊಂದಿಗೆ ನಡೆಯಬೇಕೆಂದು ನಮ್ಮ ರಕ್ಷಕ-ಶಿಕ್ಷಕ ಸಂಘಗಳೂ ಮಾತೃಸಂಘಗಳೂ ನಿರ್ಣಯ ಕೈಗೊಳ್ಳಬೇಕು. ಕನ್ನಡ ಮಾಧ್ಯಮದ ವೀಡಿಯೊ ಪಾಠಗಳು ಇಳಿಸಿಕೊಳ್ಳಬಹುದಾದ ಕಡತಗಳಾಗಿ, ಜಾಹೀರಾತೂ ಸಲಹೆಯೂ ಇಲ್ಲದ ಸರಕಾರಿ ತಾಣದಲ್ಲಿ ದೊರೆಯಬೇಕೆಂಬ ಬೇಡಿಕೆಯನ್ನೂ ಅದರೊಂದಿಗೆ ಸೇರಿಸಬೇಕು. ಭಾಷಾ ಅಲ್ಪಸಂಖ್ಯಾತರ ಮಗು ತನ್ನ ಭಾಷೆಯ ಪಾಠವನ್ನು ಕೇಳಲು ಶಾರ್ಟ್ಸ್‌ಗಳ ಸಂತೆಯ ನಡುವೆ ಹಾದುಹೋಗಬೇಕಾದ ಸ್ಥಿತಿ ಇರಬಾರದು. ಆ ದಾರಿ ಬೇರೆಯಾಗುವವರೆಗೆ, ಮೇಲೆ ಹೇಳಿದ ಬೀಗಗಳಲ್ಲಿ ತಮ್ಮ ಮನೆಗೆ ಹೊಂದುವ ಒಂದನ್ನು ಹೆತ್ತವರು ಈ ವಾರವೇ ಹಾಕಿ ನೋಡಬಹುದು.